ಮೂರನೇ ತರಗತಿಯ ಕಳೆಯುವ ಲೆಕ್ಕ ಮತ್ತು ಸಾಮಾಜಿಕ ನ್ಯಾಯ

(ಧಾರವಾಡದಲ್ಲಿ ಶಿಕ್ಷಕರು, ಪಾಲಕರು ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಸದಸ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬಂಧುಗಳೆ,

42ರಲ್ಲಿ 17 ಕಳೆ ಎಂದರೆ ಐದನೇ ತರಗತಿಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತವೆ. ತಪ್ಪು ಗುರುತು ಬೀಳುತ್ತದೆ, ಪಾಠ ಮುಂದೆ ಹೋಗುತ್ತದೆ. ಆದರೆ ಈ 35 ಮನಸ್ಸಿಗೆ ಬಂದಂತೆ ಗೀಚಿದ ಉತ್ತರವಲ್ಲ. ಬಿಡಿ ಸ್ಥಾನದಲ್ಲಿ 2 ಮತ್ತು 7 ಇವೆ. ಮಗು ದೊಡ್ಡದರಲ್ಲಿ ಸಣ್ಣದು ಕಳೆದು 5 ಬರೆಯಿತು. ಹತ್ತರ ಸ್ಥಾನದಲ್ಲಿ 4ರಲ್ಲಿ 1 ಕಳೆದು 3 ಬರೆಯಿತು. 'ಯಾವಾಗಲೂ ದೊಡ್ಡದರಾಗ ಸಣ್ಣದು ಕಳೀಬೇಕು' ಎಂದು ಒಂದನೇ ತರಗತಿಯಲ್ಲಿ ದೊಡ್ಡವರು ಹೇಳಿಕೊಟ್ಟ ಮಾತನ್ನೇ ಅದು ನಿಷ್ಠೆಯಿಂದ ಪಾಲಿಸಿದೆ. ಅದಕ್ಕೆ ಬುದ್ಧಿ ಕಡಿಮೆಯಿಲ್ಲ. ಹತ್ತರ ಕಟ್ಟು ಬಿಚ್ಚಿದರೆ ಹತ್ತು ಬಿಡಿ ಸಿಗುತ್ತವೆ ಎಂಬುದನ್ನು ಯಾರೂ ಅದರ ಕೈಗೆ ಕೊಟ್ಟು ತೋರಿಸಿಲ್ಲ, ಅಷ್ಟೇ.

ಇಷ್ಟು ಸಣ್ಣ ಕೊರತೆಯನ್ನು ಮೂರನೇ ತರಗತಿಯಲ್ಲಿ ಸರಿಪಡಿಸಲು ಎರಡು ವಾರ ಸಾಕು. ಅಲ್ಲಿ ಬಿಟ್ಟರೆ ಭಾಗಾಕಾರ ನಿಲ್ಲುತ್ತದೆ, ಭಾಗಾಕಾರ ನಿಂತರೆ ಭಿನ್ನರಾಶಿ, ಅದರಿಂದ ಶೇಕಡಾ, ಬೀಜಗಣಿತ, ಕೊನೆಗೆ ಎಸ್ಸೆಸ್ಸೆಲ್ಸಿ. ಹಳ್ಳಿಯ ಮಕ್ಕಳ ಕಲಿಕೆ ಅಳೆಯುವ 2023ರ ಅಸರ್ ಸಮೀಕ್ಷೆಯಲ್ಲಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರಿಗೆ ಮೂರಂಕಿ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಕೊಟ್ಟಿದ್ದರು. ಸರಿಯಾಗಿ ಮಾಡಿದವರು ಶೇ. 43.3. ಉಳಿದವರು ಯಾರ ಮನೆಯ ಮಕ್ಕಳು ಎಂದು ಊಹಿಸಲು ಬಹಳ ಯೋಚಿಸಬೇಕಿಲ್ಲ. ಅಕ್ಷರ ಬಲ್ಲ ತಂದೆತಾಯಿ, ಸಂಜೆಯ ಟ್ಯೂಷನ್, ತಪ್ಪದ ಹಾಜರಾತಿ ಈ ಮೂರರಲ್ಲಿ ಯಾವುದೂ ಇಲ್ಲದ ಮನೆಗಳವು. ಗಣಿತವನ್ನು ಸಾಮಾಜಿಕ ನ್ಯಾಯದ ಪ್ರಶ್ನೆ ಎಂದು ಕರೆಯುವುದು ಇದಕ್ಕಾಗಿ.

ಕಾನೂನು ಏನು ಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ. ಕಾಗದದ ಮೇಲೆ ಇದು ಚೆನ್ನಾಗಿದೆ. ಕುಂದಗೋಳ, ಮುಂಡರಗಿ ಕಡೆಯ ಸಣ್ಣ ಹಳ್ಳಿಯ ಶಾಲೆಯಲ್ಲಿ ಅದು ಹೇಗೆ ಹಂಚಿಕೆಯಾಗುತ್ತದೆ? ಒಂದರಿಂದ ಮೂರು ನಲಿ-ಕಲಿ, ಅಂದರೆ ಮೂರೂ ತರಗತಿ ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವ ಕ್ರಮ, ಒಬ್ಬ ಅಕ್ಕೋರ ಕೈಯಲ್ಲಿ. ನಾಲ್ಕು ಮತ್ತು ಐದು ಇನ್ನೊಬ್ಬರ ಕೈಯಲ್ಲಿ. 40 ನಿಮಿಷದ ಅವಧಿಯಲ್ಲಿ ಐದನೆಯವರಿಗೆ ನೇರವಾಗಿ ಸಿಗುವುದು 20 ನಿಮಿಷ. ಅದರಲ್ಲೇ ಬಿಸಿಯೂಟದ ಲೆಕ್ಕ, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಯಾರೋ ಪಾಲಕರು ಬಂದು ಬಾಗಿಲಲ್ಲಿ ನಿಲ್ಲುವುದು. ಹುದ್ದೆ ಖಾಲಿ ಇದ್ದು ಅತಿಥಿ ಶಿಕ್ಷಕರು ಬರಬೇಕಾದ ಶಾಲೆಯಲ್ಲಿ ಅವರು ಬರುವಷ್ಟರಲ್ಲಿ ವಾರಗಳು, ಕೆಲವೆಡೆ ತಿಂಗಳೇ ಕಳೆದಿರುತ್ತವೆ.

ಇದರ ಮೇಲೆ ಗೈರುಹಾಜರಿ. ಗದಗ ಜಿಲ್ಲೆಯ ತಾಂಡಾಗಳಿಂದ ಗೋವಾ, ಮಂಗಳೂರು ಕಡೆ ದುಡಿಯಲು ಹೋಗುವ ಮನೆಗಳಲ್ಲಿ ಮಕ್ಕಳೂ ಜೊತೆಗೆ ಹೋಗುತ್ತಾರೆ, ಇಲ್ಲವೇ ಅಜ್ಜಿಯ ಹತ್ತಿರ ಉಳಿದು ಅರ್ಧ ಮನಸ್ಸಿನಿಂದ ಶಾಲೆಗೆ ಬರುತ್ತಾರೆ. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ, ರಾಣೇಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಕ್ರಾಸಿಂಗ್ (ಕೈಯಿಂದ ಮಾಡುವ ಪರಾಗಸ್ಪರ್ಶ) ನಡೆಯುವ ದಿನಗಳಲ್ಲಿ, ತಾಯಿ ಕೂಲಿಗೆ ಹೋದರೆ ಹತ್ತು ವರ್ಷದ ಹುಡುಗಿ ತಮ್ಮನನ್ನು ಹೊತ್ತು ಮನೆಯಲ್ಲಿರುತ್ತಾಳೆ. ಸಮಾಜ ವಿಜ್ಞಾನದ ಎರಡು ಪಾಠ ತಪ್ಪಿದರೆ ಮೂರನೆಯದನ್ನು ಓದಿಕೊಳ್ಳಬಹುದು. ಗಣಿತದಲ್ಲಿ ಹಾಗಾಗುವುದಿಲ್ಲ. ಭಿನ್ನರಾಶಿಯ ಮೂರು ವಾರ ತಪ್ಪಿಸಿಕೊಂಡವಳಿಗೆ ಮುಂದಿನ ವರ್ಷ ದಶಮಾಂಶದ ಪಾಠ ನಡೆಯುತ್ತಿರುವಾಗ ಕಾಣುವುದು ಬರೀ ಚುಕ್ಕೆ.

ಹೀಗೆ ತಪ್ಪಿಹೋದ ಗಣಿತ ಮುಂದೆ ಬಾಗಿಲುಗಳನ್ನು ಮುಚ್ಚುತ್ತದೆ. ಗಣಿತದಲ್ಲಿ ನಪಾಸಾದವರು ಎಸ್ಸೆಸ್ಸೆಲ್ಸಿಯನ್ನೇ ದಾಟುವುದಿಲ್ಲ; ದಾಟಿದವರೂ ಹೆದರಿ ಪಿಯು ವಿಜ್ಞಾನ, ಡಿಪ್ಲೊಮಾ ಎರಡನ್ನೂ ಬಿಡುತ್ತಾರೆ. ಬೇಕೆಂದವರಿಗೂ ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಎಷ್ಟೋ ಕಡೆ ಕಲಾ, ವಾಣಿಜ್ಯ ವಿಭಾಗಗಳು ಮಾತ್ರ. ಧಾರವಾಡದ ಸಪ್ತಾಪುರಕ್ಕೆ ಹೋಗಿ ನೋಡಿ. ಪೊಲೀಸ್, ಪಿಡಿಓ, ಬ್ಯಾಂಕ್ ಪರೀಕ್ಷೆಗೆ ಸಿದ್ಧರಾಗಲು ಬಂದ 22, 25ರ ಯುವಕ ಯುವತಿಯರು ಬಾಡಿಗೆ ಕೋಣೆಯಲ್ಲಿದ್ದು, ಶುಲ್ಕ ಕಟ್ಟಿ, ಶೇಕಡಾ, ಅನುಪಾತ, ಕಾಲ ಮತ್ತು ಕೆಲಸದ ಲೆಕ್ಕಗಳನ್ನು ಮತ್ತೆ ಕಲಿಯುತ್ತಿದ್ದಾರೆ. ಅವು ಏಳನೇ, ಎಂಟನೇ ತರಗತಿಯಲ್ಲಿ ಪುಕ್ಕಟೆ ಸಿಗಬೇಕಾಗಿದ್ದ ಪಾಠಗಳು. ಮನೆಯವರು ಒಂದಿಷ್ಟು ಬಂಗಾರ ಒತ್ತೆಯಿಟ್ಟು ಕಳಿಸಿದವರು ಸಪ್ತಾಪುರದವರೆಗಾದರೂ ಬಂದಿರುತ್ತಾರೆ. ಅದೂ ಆಗದವರು ಊರಲ್ಲೇ ಉಳಿದಿದ್ದಾರೆ.

ಅಮೆರಿಕದಲ್ಲಿ ರಾಬರ್ಟ್ ಮೋಸೆಸ್ ಎಂಬವರಿದ್ದರು. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಹೋರಾಟ ಕಟ್ಟಿದವರು. ಓದುಬರಹದ ಪರೀಕ್ಷೆ ಇಟ್ಟು ಆ ಜನರನ್ನು ಮತಗಟ್ಟೆಯಿಂದ ದೂರ ಇಡುತ್ತಿದ್ದ ಕಾಲ ಅದು. ಅದೇ ಮನುಷ್ಯ 1982ರಲ್ಲಿ ಬಡ ಮಕ್ಕಳಿಗೆ ಬೀಜಗಣಿತ ಕಲಿಸುವ ಯೋಜನೆ ಶುರುಮಾಡಿದರು. ಒಮ್ಮೆ ಓದುಬರಹ ಮಾಡುತ್ತಿದ್ದ ತಡೆಗೋಡೆಯ ಕೆಲಸವನ್ನು ಈಗ ಬೀಜಗಣಿತ ಮಾಡುತ್ತಿದೆ ಎಂಬುದು ಅವರ ವಾದ. ಅದೇ ದೇಶದಿಂದ ಇನ್ನೊಂದು ಪಾಠವೂ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಸಾರ್ವಜನಿಕ ಶಾಲೆಗಳು 2014ರಲ್ಲಿ ಸಮಾನತೆಯ ಹೆಸರಿನಲ್ಲಿ ಎಂಟನೇ ತರಗತಿಯಿಂದ ಬೀಜಗಣಿತವನ್ನು ತೆಗೆದು ಒಂಬತ್ತಕ್ಕೆ ಒಯ್ದವು; ಹತ್ತು ವರ್ಷದ ಮೇಲೆ, 2024ರಲ್ಲಿ, ಮರಳಿ ಎಂಟಕ್ಕೆ ತರಲು ತೀರ್ಮಾನಿಸಿದವು. ಮೇಲಿನ ಮೆಟ್ಟಿಲು ತೆಗೆದರೆ ಕೆಳಗಿರುವವರು ಏರುವುದಿಲ್ಲ. ದುಡ್ಡಿದ್ದವರು ಹೊರಗೆ ಕಲಿತುಕೊಳ್ಳುತ್ತಾರೆ, ಇಲ್ಲದವರಿಗೆ ಆ ವಿಷಯವೇ ಸಿಗುವುದಿಲ್ಲ.

ನಮ್ಮಲ್ಲಿನ 'ಪಾಸಿಂಗ್ ಪ್ಯಾಕೇಜ್' ಬಗ್ಗೆಯೂ ಇದೇ ಮಾತು ಹೇಳಬೇಕಾಗಿದೆ. ಸ್ಪರ್ಶಕ ರಚನೆ, ನಕ್ಷೆ, ಥೇಲ್ಸ್ ಪ್ರಮೇಯದ ಸಾಧನೆ ಹೀಗೆ ಪಾಸಾಗುವಷ್ಟನ್ನು ಮಾತ್ರ ಬಾಯಿಪಾಠ ಮಾಡಿಸುವುದು. ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರನ್ನು ಇದಕ್ಕೆ ಬಯ್ಯುವುದು ಅನ್ಯಾಯ. ಒಂದು ವರ್ಷ ಉಳಿಯಬಹುದಾದ ಹುಡುಗಿಯನ್ನು ಅವರು ದಾಟಿಸುತ್ತಿದ್ದಾರೆ. ಆದರೆ ಹಾಗೆ ದಾಟಿದವಳಿಗೆ ಗಣಿತ ಬಂದಿಲ್ಲ ಎಂಬುದೂ ನಿಜ. ಕೆಲಸ ಶುರುವಾಗಬೇಕಾದದ್ದು ಏಳು ವರ್ಷ ಹಿಂದೆ.

ಎಲ್ಲಿಂದ ಶುರುಮಾಡಬೇಕು? ಪ್ರತಿ ಮಗುವಿಗೆ ಐದು ನಿಮಿಷದ ಬಾಯಿ ಪರೀಕ್ಷೆಯಿಂದ. 40 ಮಕ್ಕಳಿಗೆ 200 ನಿಮಿಷ, ಅಂದರೆ ಐದು ಅವಧಿ. ಒಂದು ವಾರದಲ್ಲಿ ಮುಗಿಯುತ್ತದೆ. ಲಿಖಿತ ಪರೀಕ್ಷೆ ಬೇಡ, ಅದರಲ್ಲಿ ಪಕ್ಕದವರ ಉತ್ತರ ಕಾಣುತ್ತದೆಯೇ ಹೊರತು ಮಗುವಿನ ಯೋಚನೆ ಕಾಣುವುದಿಲ್ಲ.

ಕೇಳಬೇಕಾದದ್ದು ಇಷ್ಟು. 38ರಿಂದ ಮುಂದೆ ಎಣಿಸು. 52ರಿಂದ ಹಿಂದಕ್ಕೆ ಎಣಿಸು. 'ಮುನ್ನೂರಾ ಎಂಟು' ಬರೆ ಎನ್ನಿ: 3008 ಎಂದು ಬರೆದರೆ ಮಗು ಕಿವಿಗೆ ಬಿದ್ದಂತೆ ಮುನ್ನೂರು ಬರೆದು ಪಕ್ಕದಲ್ಲಿ ಎಂಟು ಇಟ್ಟಿದೆ, ಸ್ಥಾನಬೆಲೆ ಬಂದಿಲ್ಲ. 42−17 ಕೊಡಿ. ಅದು ಸರಿಯಾದರೆ 302−147 ಕೊಡಿ. ಉತ್ತರ 155, ಆದರೆ 245 ಬಂದರೆ ಮೊದಲಿನ ತಪ್ಪೇ ಇನ್ನೂ ಇದೆ. ಸೊನ್ನೆಯ ಮುಂದೆ ಸುಮ್ಮನೆ ಕೂತರೆ ಹತ್ತರ ಸ್ಥಾನದಲ್ಲಿ ಏನೂ ಇಲ್ಲದಿದ್ದಾಗ ನೂರನ್ನು ಬಿಚ್ಚಬೇಕು ಎಂಬುದು ತಿಳಿದಿಲ್ಲ. ನಂತರ 618÷6. ಉತ್ತರ 103 ಬದಲು 13 ಎಂದರೆ ಭಾಗಾಕಾರದ ಮೆಟ್ಟಿಲುಗಳು ಗೊತ್ತು, ನಡುವಿನ ಸೊನ್ನೆ ಬಿಟ್ಟುಹೋಗಿದೆ. ದೊಡ್ಡ ಮಕ್ಕಳಿಗೆ ಇನ್ನೆರಡು: ½+⅓ ಎಷ್ಟು, 0.45 ಮತ್ತು 0.8ರಲ್ಲಿ ಯಾವುದು ದೊಡ್ಡದು. ಮೊದಲನೆಯದಕ್ಕೆ ⅖, ಎರಡನೆಯದಕ್ಕೆ 0.45 ಎಂಬ ಉತ್ತರ ಹೈಸ್ಕೂಲಿನಲ್ಲೂ ಧಾರಾಳವಾಗಿ ಸಿಗುತ್ತದೆ.

ಪ್ರತಿ ಉತ್ತರದ ನಂತರ 'ಹೆಂಗ ಮಾಡಿದಿ, ಹೇಳು' ಎಂದು ಕೇಳಲೇಬೇಕು. ಸರಿ ಉತ್ತರಕ್ಕೂ ಕೇಳಬೇಕು; ತಪ್ಪಿಗೆ ಮಾತ್ರ ಕೇಳಿದರೆ ಆ ಪ್ರಶ್ನೆಯೇ ಶಿಕ್ಷೆಯಾಗಿ ಮಗು ಬಾಯಿ ಮುಚ್ಚಿಕೊಳ್ಳುತ್ತದೆ.

ಪರೀಕ್ಷೆಯ ಫಲದ ಮೇಲೆ ಗುಂಪು ಮಾಡಿ. ಮೂರು, ನಾಲ್ಕು, ಐದನೇ ತರಗತಿಗಳಿಗೆ ಗಣಿತದ ಗಂಟೆ ಒಂದೇ ಹೊತ್ತಿಗೆ ಇರಲಿ. ಆಗ ಐದನೆಯ ಮಗು ಮೂರನೆಯವರ ಜೊತೆ ಕಳೆಯುವ ಲೆಕ್ಕದ ಗುಂಪಿನಲ್ಲಿ ಕೂರಬಹುದು. ಮಕ್ಕಳನ್ನು ವಯಸ್ಸಿನ ಬದಲು ಅವರು ಇರುವ ಮಟ್ಟದಿಂದ ಕಲಿಸುವ ಈ ಕ್ರಮವನ್ನು ಪ್ರಥಮ್ ಸಂಸ್ಥೆ ಹಲವು ರಾಜ್ಯಗಳಲ್ಲಿ ನಡೆಸಿದೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ, ಸರಿಯಾಗಿ ಜಾರಿಯಾದಲ್ಲಿ ಫಲವಿದೆ ಎಂದು ತೋರಿಸಿದ್ದಾರೆ. ಕೆಡುವುದು ಎಲ್ಲಿ ಎಂದರೆ, ಜೂನ್‌ನಲ್ಲಿ ಮಾಡಿದ ಗುಂಪು ಮಾರ್ಚ್‌ವರೆಗೂ ಅದೇ ಉಳಿದಾಗ. ಆಗ ಅದು ದಡ್ಡರ ಬೆಂಚಾಗುತ್ತದೆ, ಸ್ವಲ್ಪ ದಿನಕ್ಕೆ ಒಂದೇ ಓಣಿಯ ಮಕ್ಕಳ ಬೆಂಚಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಎರಡು ಲೆಕ್ಕ ಕೇಳಿ ಮಕ್ಕಳನ್ನು ಮೇಲಕ್ಕೆ ಕಳಿಸಲೇಬೇಕು. ಗುಂಪಿಗೆ 'ಹಿಂದುಳಿದವರು' ಎಂದು ಹೆಸರಿಡಬೇಡಿ.

ಈಗ ಕಟ್ಟಿನ ಕೆಲಸ. ನಾಲ್ಕು ಮಕ್ಕಳ ಗುಂಪಿಗೆ 120 ಕಡ್ಡಿ, 12 ರಬ್ಬರ್ ಬ್ಯಾಂಡ್. ಜೋಳದ ದಂಟಿನ ಸಿಬಿರು, ಉರಿದು ಉಳಿದ ಊದಿನಕಡ್ಡಿ, ಹಿಡಿಸೂಡಿಯ ಕಡ್ಡಿ ಯಾವುದಾದರೂ ನಡೆಯುತ್ತದೆ. ಹುಣಸೆಬೀಜ ಎಣಿಸಲಿಕ್ಕೆ ಒಳ್ಳೆಯದು, ಆದರೆ ಕಟ್ಟು ಕಟ್ಟಲಿಕ್ಕೆ ಬರುವುದಿಲ್ಲ. ಮಗುವೇ ಎಣಿಸಿ ಹತ್ತರ ಕಟ್ಟು ಕಟ್ಟಬೇಕು. ಕಟ್ಟಿಟ್ಟಿದ್ದನ್ನು ಕೊಟ್ಟರೆ ಅರ್ಧ ಪಾಠ ಹೋಯಿತು. 42 ಎಂದರೆ ನಾಲ್ಕು ಕಟ್ಟು, ಎರಡು ಬಿಡಿ. 17 ಕೊಡಬೇಕು. ಎರಡು ಬಿಡಿಯಲ್ಲಿ ಏಳು ಕೊಡಲಾಗುವುದಿಲ್ಲ, ಒಂದು ಕಟ್ಟು ಬಿಚ್ಚು: ಮೂರು ಕಟ್ಟು, ಹನ್ನೆರಡು ಬಿಡಿ. ಏಳು ಕೊಟ್ಟರೆ ಐದು ಉಳಿಯಿತು, ಒಂದು ಕಟ್ಟು ಕೊಟ್ಟರೆ ಎರಡು ಕಟ್ಟು ಉಳಿಯಿತು. 25. ಕಟ್ಟು ಬಿಚ್ಚಿದ ಕ್ಷಣದಲ್ಲೇ ಪಾಟಿಯ ಮೇಲೆ 4 ಹೊಡೆದು 3 ಬರೆಯಬೇಕು, 2ರ ಜಾಗದಲ್ಲಿ 12 ಬರೆಯಬೇಕು. ಕಡ್ಡಿ ಇಂದು, ಬರವಣಿಗೆ ನಾಳೆ ಎಂದರೆ ಎರಡೂ ಬೇರೆ ಬೇರೆ ಆಟಗಳಾಗಿ ಉಳಿಯುತ್ತವೆ. 'ಮಗ್ಗಲದಾಂವನ ಕಡೆ ಒಂದು ಕಡಾ ತಗೋ' ಎಂದು ಹೇಳುವ ರೂಢಿ ನಮ್ಮಲ್ಲಿದೆ. ಹತ್ತು ಬಂದದ್ದು ಎಲ್ಲಿಂದ ಎಂಬುದನ್ನು ಆ ಮಾತು ಮುಚ್ಚಿಡುತ್ತದೆ. 'ಕಟ್ಟು ಬಿಚ್ಚು' ಎಂದರೆ ಸಾಕು.

ಕಡ್ಡಿ 100ರವರೆಗೆ. ಆಮೇಲೆ ರಟ್ಟಿನ ನೋಟು: 100, 10, 1. ಕಟ್ಟಿನಲ್ಲಿ ಹತ್ತು ಕಣ್ಣಿಗೆ ಕಾಣುತ್ತದೆ. ನೋಟಿನಲ್ಲಿ ಹತ್ತು ಒಂದು ಒಪ್ಪಂದ ಮಾತ್ರ. ಆದ್ದರಿಂದ ಕಟ್ಟು ಬಿಟ್ಟು ನೇರ ನೋಟಿಗೆ ಹಾರಬೇಡಿ. 302−147ನ್ನು ನೋಟಿನಲ್ಲಿ ಮಾಡುವಾಗ ಮಗು ಒಂದು ನೂರನ್ನು ಹತ್ತು ಹತ್ತರ ನೋಟಾಗಿ, ಅದರಲ್ಲಿ ಒಂದನ್ನು ಹತ್ತು ಒಂದರ ನೋಟಾಗಿ ಚಿಲ್ಲರೆ ಮಾಡಿಸುತ್ತದೆ. ಕಿರಾಣಿ ಅಂಗಡಿಯಲ್ಲಿ ಅದು ದಿನವೂ ನೋಡುವ ಕೆಲಸ.

ಗಣಿತ ಕಲಿಕಾ ಆಂದೋಲನದ ಕಿಟ್ ನಮ್ಮ ಸರ್ಕಾರಿ ಶಾಲೆಗಳಿಗೆ ಬಂದಿದೆ. ಒಳ್ಳೆಯ ಸಾಮಗ್ರಿ. ಆದರೆ ಒಂದು ತುಣುಕು ಕಳೆದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಕೊಡಬೇಕು ಎಂಬ ಅಂಜಿಕೆಯಲ್ಲಿ ಅದನ್ನು ಕಪಾಟಿನಲ್ಲಿ ಬೀಗ ಹಾಕಿಡುವ ಶಾಲೆಗಳಿವೆ. ಮುಖ್ಯ ಗುರುಗಳು ಮತ್ತು ಎಸ್‌ಡಿಎಂಸಿ ಸೇರಿ, ಮಕ್ಕಳ ಕೈಯಲ್ಲಿ ಸವೆದು ಕಳೆದ ಸಾಮಾನಿಗೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ನಡಾವಳಿಯಲ್ಲಿ ಬರೆಯಿರಿ. ಅದೊಂದು ಸಾಲಿನಿಂದ ಬೀಗ ತೆಗೆಯುತ್ತದೆ.

ಮಗ್ಗಿಯ ಬಗ್ಗೆ ಎರಡು ಮಾತು. ಏಳನೇ ತರಗತಿಗೆ ಬಂದರೂ ಮಗ್ಗಿ ಬಾರದ ಮಗುವಿಗೆ ಒಂದರಿಂದ ಹತ್ತರವರೆಗೆ ಮತ್ತೆ ಶುರುಮಾಡು ಎಂದರೆ ಬೆಟ್ಟ ಕಂಡಂತಾಗುತ್ತದೆ. ಹತ್ತರವರೆಗಿನ 100 ಗುಣಾಕಾರಗಳಲ್ಲಿ 7×8 ಮತ್ತು 8×7 ಒಂದೇ ಎಂದರೆ ಉಳಿಯುವುದು 55. ಸುಲಭವಾದ 1, 2, 5, 10ರವು ಬಿಟ್ಟರೆ 21 ಮಾತ್ರ. ದಿನಕ್ಕೆ ಮೂರರಂತೆ ಒಂದು ವಾರ, ಮುಂದಿನ ವಾರ ಮರುಕಳಿಕೆ. ಇದನ್ನು ಮಗುವಿಗೆ ಬರೆದು ತೋರಿಸಿ. ಎಷ್ಟು ಉಳಿದಿದೆ ಎಂದು ತಿಳಿಯುವುದು ಅದರ ಹಕ್ಕು.

ಇನ್ನು ಭಾಷೆ. ಹುಬ್ಬಳ್ಳಿ, ಸವಣೂರಿನ ಉರ್ದು ಮಾತಿನ ಮಕ್ಕಳನ್ನು ನೋಡಿ. ಕನ್ನಡದ 'ಮೂವತ್ತೊಂಬತ್ತು' ಮೂರು ಹತ್ತು ಮತ್ತು ಒಂಬತ್ತನ್ನು ತಾನೇ ಹೇಳುತ್ತದೆ. ಉರ್ದುವಿನ 'ಉನ್ತಾಲೀಸ್' ನಲವತ್ತಕ್ಕೆ ಒಂದು ಕಡಿಮೆ ಎನ್ನುತ್ತದೆ, ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ನೆನಪಿಡಬೇಕು. ಕೆಲವು ವಾರ 'ಮೂರು ಹತ್ತು, ಒಂಬತ್ತು' ಎಂದೇ ಹೇಳಲು ಬಿಡಿ. ತಾಂಡಾದ ಮಕ್ಕಳು ಮೊದಲು ತಮ್ಮ ಮಾತಿನಲ್ಲೇ ಎಣಿಸಲಿ. ಕನ್ನಡ ಮಾಧ್ಯಮದಿಂದ ಪಿಯು ವಿಜ್ಞಾನಕ್ಕೆ ಹೋಗುವವರಿಗೆ ಬೇರೆ ಕಷ್ಟ: ಲಸಾಅ, ಛೇದ, ತ್ರಿಜ್ಯ, ಬಹುಪದೋಕ್ತಿ ಎಲ್ಲವೂ ಒಂದೇ ದಿನ ಎಲ್‌ಸಿಎಂ, ಡಿನಾಮಿನೇಟರ್, ರೇಡಿಯಸ್, ಪಾಲಿನಾಮಿಯಲ್ ಆಗಿಬಿಡುತ್ತವೆ. ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ 150 ಪದಗಳ ಎರಡು ಕಾಲಮಿನ ಪಟ್ಟಿ ಕೈಗೆ ಕೊಟ್ಟರೆ ಗಣಿತ ಬಲ್ಲ ಹುಡುಗಿ ಪದಗಳಿಗೆ ಹೆದರಿ ಕಲಾ ವಿಭಾಗಕ್ಕೆ ಹೋಗುವುದು ತಪ್ಪುತ್ತದೆ.

ಮಾತಿನ ಲೆಕ್ಕದಲ್ಲೂ ಒಂದು ಕೆಟ್ಟ ಅಭ್ಯಾಸವಿದೆ. 'ಹೆಚ್ಚು' ಅಂದರೆ ಕೂಡಿಸು, 'ಕಡಿಮೆ' ಅಂದರೆ ಕಳೆ ಎಂದು ಕಲಿಸುವುದು. 'ನನ್ನ ಹತ್ತಿರ 15 ಗೋಲಿ ಇವೆ, ನಿನ್ನ ಹತ್ತಿರ ಇರುವುದಕ್ಕಿಂತ 6 ಹೆಚ್ಚು. ನಿನ್ನ ಹತ್ತಿರ ಎಷ್ಟು?' ಎಂದರೆ ಮಗು 21 ಎನ್ನುತ್ತದೆ. ಉತ್ತರ 9. ಚಿತ್ರ ಬರೆಸಿ, ಆಮೇಲೆ ಲೆಕ್ಕ ಮಾಡಿಸಿ.

ಸಂತೆಯಲ್ಲಿ ತಾಯಿಯ ಜೊತೆ ಕಾಯಿಪಲ್ಲೆ ಮಾರುವ ಮಗುವಿಗೆ ಪಾವು ಕಿಲೋ, ದೀಡ (ಒಂದೂವರೆ) ಕಿಲೋ, ಅಡೀಚ (ಎರಡೂವರೆ) ಕಿಲೋದ ಬೆಲೆ ಬಾಯಲ್ಲೇ ಬರುತ್ತದೆ. ಅದೇ ಮಗು ಪಾಟಿಯ ಮೇಲೆ 1.5×40 ಕಂಡರೆ ಕೂತುಬಿಡುತ್ತದೆ. ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು: ವ್ಯಾಪಾರದ ಲೆಕ್ಕ ಸಲೀಸಾಗಿ ಮಾಡುವವರು ಶಾಲೆಯ ಲೆಕ್ಕದಲ್ಲಿ ಸೋಲುತ್ತಾರೆ, ಶಾಲೆಯ ಮಕ್ಕಳು ವ್ಯಾಪಾರದ ಲೆಕ್ಕದಲ್ಲಿ ಸೋಲುತ್ತಾರೆ. ಆ ಮಗುವಿಗೆ ಬರುವ ಗಣಿತವನ್ನು ಶಾಲೆ ಗಣಿತವೆಂದು ಗುರುತಿಸುವುದಿಲ್ಲ. ಪಾವು ಎಂದರೆ 250 ಗ್ರಾಂ, 0.25 ಕಿಲೋ, ¼ ಎಂದು ಮೂರೂ ರೂಪವನ್ನು ಒಂದೇ ಸಾಲಿನಲ್ಲಿ ಬರೆಸುವುದು ಹತ್ತು ನಿಮಿಷದ ಕೆಲಸ.

ಹುಡುಗಿಯರ ವಿಷಯಕ್ಕೆ ಒಂದು ಸಣ್ಣ ಅಳತೆ ಸಾಕು. ಒಂದು ಅವಧಿಯಲ್ಲಿ ನೀವು ಕೇಳುವ ಮೊದಲ 20 ಪ್ರಶ್ನೆ ಯಾರಿಗೆ ಹೋದವು ಎಂದು ಒಬ್ಬ ವಿದ್ಯಾರ್ಥಿಯಿಂದ ಗೆರೆ ಎಳೆಸಿ. ಹುಡುಗ, ಹುಡುಗಿ, ಮುಂದಿನ ಸಾಲು, ಹಿಂದಿನ ಸಾಲು. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯ್ದಿರಿ ಎಂಬುದನ್ನೂ ನೋಡಿ. ಥಟ್ಟನೆ ಕೈ ಎತ್ತುವವರಿಗೇ ಅವಕಾಶ ಕೊಟ್ಟರೆ ಯೋಚಿಸುವವರಿಗೆ ಎಂದೂ ಸಿಗುವುದಿಲ್ಲ.

ದೃಷ್ಟಿ ಇಲ್ಲದ ಮಕ್ಕಳಿಗೆ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳುವ ರಿಯಾಯಿತಿ ಇದೆ. ಕರುಣೆಯಿಂದ ಕೊಟ್ಟದ್ದು, ಆದರೆ ಬಾಗಿಲು ಮುಚ್ಚುವುದು ಅದೇ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ಗದಗಿನ ವೀರೇಶ್ವರ ಪುಣ್ಯಾಶ್ರಮ ಇರುವ ನಾಡು ನಮ್ಮದು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣಿರಲಿಲ್ಲ. ತೀನ್‌ತಾಲದ 16 ಮಾತ್ರೆ (ತಾಳದ ಎಣಿಕೆ), ರೂಪಕದ 7, ಝಪತಾಲದ 10, ಅವುಗಳ ದುಪ್ಪಟ್ಟು, ಮುಪ್ಪಟ್ಟು, ದೀಡಪಟ್ಟು ಲಯ, ಎಲ್ಲಿಂದ ಎತ್ತಿದರೂ ಮೂರು ಸಲ ನುಡಿದು ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಬೀಳುವ ತಿಹಾಯಿ, ಇವೆಲ್ಲ ಅನುಪಾತ ಮತ್ತು ಭಿನ್ನರಾಶಿಯ ಲೆಕ್ಕಗಳೇ. ಅದನ್ನು ಕಣ್ಣಿಲ್ಲದ ಮಕ್ಕಳಿಗೆ ಇದೇ ಮಣ್ಣಿನಲ್ಲಿ ತಲೆಮಾರುಗಳಿಂದ ಕಲಿಸಿದ್ದಾರೆ. ಸಲಕರಣೆಯೂ ಇದೆ. ಟೇಲರ್ ಫ್ರೇಮ್ ಎಂದರೆ ಎಂಟು ಮೂಲೆಯ ತೂತುಗಳ ಹಲಗೆ. ಅದರಲ್ಲಿ ಇಡುವ ಸಣ್ಣ ಮೊಳೆಯ ಒಂದು ತುದಿಗೆ ಏಣು, ಇನ್ನೊಂದಕ್ಕೆ ಎರಡು ಚುಕ್ಕೆ. ಎಂಟು ದಿಕ್ಕಿಗೆ ತಿರುಗಿಸಿ, ಎರಡೂ ತುದಿ ಬಳಸಿದರೆ 16 ಗುರುತು. ಹತ್ತು ಅಂಕಿಗೆ, ಆರು ಚಿಹ್ನೆಗಳಿಗೆ. ಬೇಕಾಗಿರುವುದು ಅದನ್ನು ಬಲ್ಲ ಶಿಕ್ಷಕರು.

ಶಾಲೆ ಬಿಟ್ಟವರಿಗೂ ಗಣಿತ ಸಲ್ಲಬೇಕು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ರೈತ ಸಾಹುಕಾರರ ಬಡ್ಡಿಯಿಂದ ಹೊರಗೆ ಬರಲಿ ಎಂದು. ಇಂದು ಅದೇ ಊರುಗಳ ಹೆಣ್ಣುಮಕ್ಕಳು ಕಂತಿನ ಸಾಲ ತೆಗೆದುಕೊಳ್ಳುತ್ತಿದ್ದಾರೆ. 10,000 ರೂಪಾಯಿ ಸಾಲ, 'ಬರೀ ಶೇ. 12 ಬಡ್ಡಿ', 12 ತಿಂಗಳ ಕಂತು. ಬಡ್ಡಿ 1,200, ಒಟ್ಟು 11,200, ತಿಂಗಳಿಗೆ ಸುಮಾರು 933. ಆದರೆ ಮೊದಲ ತಿಂಗಳಿಂದಲೇ ಅಸಲು ತೀರುತ್ತಾ ಬರುವುದರಿಂದ ವರ್ಷವಿಡೀ ಆಕೆಯ ಕೈಯಲ್ಲಿ 10,000 ಇರುವುದಿಲ್ಲ, ಸರಾಸರಿ ಇರುವುದು 5,400ರ ಹತ್ತಿರ. ಅಷ್ಟಕ್ಕೆ 1,200 ಕಟ್ಟಿದರೆ ನಿಜವಾದ ಬಡ್ಡಿ ಶೇ. 22ರ ಆಸುಪಾಸು. ಸಂಘದ ಸಭೆಯಲ್ಲಿ 12 ಸಾಲು ಬರೆದು, ಪ್ರತಿ ತಿಂಗಳು ಉಳಿದ ಅಸಲು ಹಾಕಿ, ಕೂಡಿಸಿ 12ರಿಂದ ಭಾಗಿಸಿದರೆ ಯಾರಿಗಾದರೂ ಇದು ಕಾಣುತ್ತದೆ. ಭಾಗಾಕಾರ ಬರಬೇಕು, ಅಷ್ಟೇ.

ಎಸ್‌ಡಿಎಂಸಿಯ ಸದಸ್ಯರು ಇಲ್ಲಿದ್ದೀರಿ. ಶೌಚಾಲಯ, ಕಾಂಪೌಂಡಿನಷ್ಟೇ ಗಣಿತವೂ ನಿಮ್ಮ ಸಭೆಯ ವಿಷಯ. ನಾಲ್ಕು ಪ್ರಶ್ನೆ ಕೇಳಿ: ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ 302−147 ಬರುತ್ತದೆ? ಗಣಿತದ ಅವಧಿ ದಿನಕ್ಕೆ ನಿಜವಾಗಿ ಎಷ್ಟು ನಿಮಿಷ ನಡೆಯುತ್ತದೆ? ಕಿಟ್ ಎಲ್ಲಿದೆ? ಸುಗ್ಗಿಗೆ, ಗುಳೆಗೆ ಹೋಗಿ ಬಂದ ಮಕ್ಕಳಿಗೆ ತಪ್ಪಿದ ಪಾಠ ಯಾರು, ಯಾವ ಹೊತ್ತಿನಲ್ಲಿ ಕಲಿಸುತ್ತಾರೆ? ಅಂಕಿಗಳನ್ನು ಶಿಕ್ಷಕರ ಮೇಲೆ ಬೀಸುವ ಕೋಲಾಗಿ ಬಳಸಬೇಡಿ. ಹಾಗೆ ಮಾಡಿದರೆ ಮುಂದಿನ ಸಭೆಗೆ ಸುಳ್ಳು ಅಂಕಿ ಬರುತ್ತದೆ. ಜೂನ್‌ನ ಸಭೆಯಲ್ಲಿ ನಾಲ್ಕೂ ಉತ್ತರ ಬರೆಸಿ, ಶಿಕ್ಷಕರ ಕೊರತೆಯಿದ್ದರೆ ಅದನ್ನೂ ಸೇರಿಸಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಜನವರಿಯಲ್ಲಿ ಅದೇ ಪುಟ ತೆರೆದು ಅವೇ ನಾಲ್ಕು ಪ್ರಶ್ನೆ ಮತ್ತೆ ಕೇಳಿ.